ಅಂಜಿದ ಬೆರಳು

ಹೊಸಮನಿ ಸರ್ ಬೆಳಿಗ್ಗೆ ಆಫೀಸಿಗೆ ಬಂದವರೇ ಮೊದಲು ಕೈ ಕೊಳೆ ಮಾಡಿಕೊಳ್ಳುತ್ತಿದ್ದರು. ಅವರ ಮೇಜಿನ ಮೇಲೆ ಕೊಬ್ಬರಿ ಎಣ್ಣೆಯ ಶೀಶೆ, ಗೋಧಿಹಿಟ್ಟಿನ ಡಬ್ಬಿ, ನೀರಲ್ಲಿ ನೆನೆದ ಸ್ಪಂಜು, ತೋಟದ ಕೆಲಸದ ಒಂಟಿ ಗ್ಲೌಸು ಯಾವಾಗಲೂ ಇರುತ್ತಿದ್ದವು. ಒಂದೊಂದನ್ನೇ ಬೆರಳಿಗೆ ಹಚ್ಚಿಕೊಂಡು ಎದುರಿನ ಪುಟ್ಟ ಪರದೆಗಳನ್ನು ಒತ್ತುತ್ತ ಕೂರುತ್ತಿದ್ದರು. ಹೊಸದಾಗಿ ಸೇರಿದವರು ಅವರ ಕೈಕುಲುಕಿ, ಆಮೇಲೆ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಸ್ಯಾನ್ ಹೊಸೆಯ ಆ ಸಣ್ಣ ಕಂಪನಿಯಲ್ಲಿ ನಾವು ಮಾಡುತ್ತಿದ್ದದ್ದು ಬ್ರೌಸರು. ಕಂಪ್ಯೂಟರಿನಲ್ಲಿ ಎಲ್ಲರೂ ನೋಡುವಂಥದ್ದಲ್ಲ. ಕಾಫಿ ಯಂತ್ರ, ಲಿಫ್ಟು, ಕಾರ್ಖಾನೆಯ ಯಂತ್ರಗಳ ಮೇಲಿರುವ ಪರದೆಗಳ ಒಳಗೆ ಸದ್ದಿಲ್ಲದೆ ಕೂರುವಂಥದ್ದು. ಅಲ್ಲಿ ಮೌಸಿಲ್ಲ, ಕೀಬೋರ್ಡಿಲ್ಲ; ಒಂದು ಪುಟ, ಅದರ ಮೇಲೆ ಒಂದು ಬೆರಳು, ಅಷ್ಟೆ. ಬೆರಳು ನಿಂತಲ್ಲೇ ತಾಗಿದರೆ ಅದು ಒತ್ತಿದ್ದು. ಕೂದಲೆಳೆಯಷ್ಟು ಜಾರಿದರೂ ಎಳೆದದ್ದು, ಆಗ ಪುಟ ಸರಿಯುತ್ತದೆ. ಬೇಗ ಬೇಗ ಎರಡು ಸಲ ತಟ್ಟಿದರೆ ಅಕ್ಷರ ದೊಡ್ಡದಾಗುತ್ತದೆ. ಹೀಗೆ ಫೋನಿನ ಅಭ್ಯಾಸವನ್ನೆಲ್ಲ ಯಂತ್ರದ ಪರದೆಗೆ ತಂದವಳು ನಾನು. ಪುಟ ಬೆಣ್ಣೆಯಂತೆ ಸರಿಯುತ್ತದೆ ಎಂದು ಗಿರಾಕಿಗಳು ಹೊಗಳಿದರೆ ಆ ಹೊಗಳಿಕೆ ನನ್ನದಾಗಿತ್ತು.

ಸರ್ ಗದಗಿನವರು. ಪಾಲಿಟೆಕ್ನಿಕ್ಕಿನಲ್ಲಿ ವರ್ಕ್‌ಶಾಪ್ ಕಲಿಸುತ್ತಿದ್ದವರು, ಹೆಂಡತಿ ಗಿರಿಜಕ್ಕನಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಗೆ ಬಂದವರು. ನಾವು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಅವರ ಕೆಲಸ; ಮೂವತ್ತರ ಹುಡುಗರ ನಡುವೆ ಅರವತ್ತರ ಟೆಸ್ಟರು. ಅವರ ಕೆಲಸ ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಲಿವರ್‌ಮೋರ್‌ನ ದೇವಸ್ಥಾನದಲ್ಲಿ ಸಿಕ್ಕಿದ್ದರು. ತೀರ್ಥ ತೆಗೆದುಕೊಂಡು, ಒದ್ದೆ ಕೈ ಒರೆಸಿಕೊಳ್ಳದೆ ನೇರ ಸೇವೆಯ ಚೀಟಿ ಕೊಡುವ ಪರದೆಯ ಮುಂದೆ ಹೋಗಿ ನಿಂತರು. ಹಿಂದೆ ಸಾಲು ಬೆಳೆಯುತ್ತಿತ್ತು. ಗಿರಿಜಕ್ಕ ಅವರ ತೋಳು ಹಿಡಿದು ಎಳೆದರು. ಸರ್ ಬೇಜಾರಿನ ಮುಖ ಮಾಡಿಕೊಂಡು ನನ್ನ ಹತ್ತಿರ ಬಂದು, "ಇದು ನಮ್ಮದಲ್ಲ ಬಿಡು ತಂಗಿ. ಛಲೋ ಕೆಲಸ ಮಾಡತೈತಿ" ಅಂದರು.

ಆಫೀಸಿನಲ್ಲಿ ಅವರ ಇನ್ನೊಂದು ಪರೀಕ್ಷೆ ಜಗಳಕ್ಕೇ ಬಂದಿತ್ತು. ಯಾರನ್ನಾದರೂ ಕರೆದು ಪರದೆಯ ಮುಂದೆ ಕೂರಿಸಿ, ತಾವು ಹೇಳಿದಾಗ ಸ್ಟಾಪ್ ಒತ್ತಬೇಕು ಎನ್ನುತ್ತಿದ್ದರು. ಹೇಳುವ ಬದಲು ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿಯುತ್ತಿದ್ದರು. ಬೆಚ್ಚಿಬಿದ್ದವರಲ್ಲಿ ಕೆಲವರ ಬೆರಳು ಜಾರುತ್ತಿತ್ತು, ಪುಟ ಸರಿಯುತ್ತಿತ್ತು, ಸ್ಟಾಪ್ ಆಗುತ್ತಿರಲಿಲ್ಲ. ಒಬ್ಬಳು ಮೇಲಿನವರಿಗೆ ದೂರು ಕೊಟ್ಟ ಮೇಲೆ ತಟ್ಟೆ ನಿಂತಿತು. ಆದರೆ ಸರ್ ಅಷ್ಟರಲ್ಲಿ ಬಗ್ ಹಾಕಿದ್ದರು, ಅಂದರೆ ತಪ್ಪನ್ನು ದಾಖಲಿಸಿದ್ದರು, ನನ್ನ ಹೆಸರಿಗೆ.

"ಅಂಜಿದ ಬೆರಳು ಮುಟ್ಟಂಗಿಲ್ಲ ತಂಗಿ, ತಿಕ್ಕತೈತಿ" ಅಂತ ವಿವರಿಸಿದರು.

ಹೊಸ ಗಿರಾಕಿಗೆ ತೋರಿಸುವ ಡೆಮೋಗೆ ಎರಡು ವಾರವಿತ್ತು. ನನಗೆ ಸಾಕಾಗಿತ್ತು. "ಯಾರೂ ಹಂಗೆ ಒತ್ತಲ್ಲ ಸರ್" ಅಂದೆ. ನಿಜವಾದ ಬಳಕೆಯಲ್ಲಿ ಹೀಗಾಗುವುದಿಲ್ಲ ಎಂದು ಬರೆದು ಬಗ್ ಕ್ಲೋಸ್ ಮಾಡಿದೆ. ಅವರು "ಆತು" ಎಂದಷ್ಟೇ ಹೇಳಿ ತಮ್ಮ ಮೇಜಿಗೆ ಹೋದರು. ವಾದ ಮಾಡಬಹುದಿತ್ತು. ಮಾಡಲಿಲ್ಲ.

ಡೆಮೋ ಇದ್ದದ್ದು ಲಿವರ್‌ಮೋರ್ ಆಚೆಯ ಒಂದು ಸಣ್ಣ ವೈನರಿಯಲ್ಲಿ, ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ. ಹಣ್ಣು ಸುರಿಯುವ ದೊಡ್ಡ ತೊಟ್ಟಿ, ಅದರ ತಳದಲ್ಲಿ ತಿರುಗುತ್ತ ಹಣ್ಣನ್ನು ಮುಂದಕ್ಕೆ ದೂಡುವ ಕಬ್ಬಿಣದ ಸ್ಕ್ರೂ, ಮೂರು ಹೆಜ್ಜೆ ಈಚೆ ನಮ್ಮ ಪರದೆ. ಯಂತ್ರಕ್ಕೆ ಕೈಯಿಂದ ಗುದ್ದಿ ನಿಲ್ಲಿಸುವ ಕೆಂಪು ಗುಂಡಿಯೂ ಇತ್ತು. ಆ ದಿನ ಅದರ ಮುಂದೆ ಖಾಲಿ ಕ್ರೇಟುಗಳನ್ನು ಒಟ್ಟಿದ್ದರು. ಸರ್, ನಾನು ಇಬ್ಬರೂ ಅದನ್ನು ನೋಡಿದೆವು. ಪರದೆಯಲ್ಲೇ ಸ್ಟಾಪ್ ಇದೆಯಲ್ಲ ಎಂದುಕೊಂಡೆವು.

ಅಂಟು ಕೈಯಿಂದ ಪರೀಕ್ಷೆ ಮಾಡುತ್ತೇನೆಂದು ಸರ್ ಮೊದಲೇ ಹೇಳಿದ್ದರು. ಮೇಸ್ತ್ರಿ ಮಿಗೆಲ್ ಬಕೆಟ್ಟಿನಲ್ಲಿ ಒಂದಿಷ್ಟು ಹಣ್ಣು ತೆಗೆದಿಟ್ಟಿದ್ದ. ಸರ್ ಅದನ್ನು ಮುಟ್ಟಿ ನೋಡಿ, ಇದು ಆರಿಹೋಗಿದೆ ಎಂದರು. ಈಗಷ್ಟೇ ಒಡೆದ ಹಣ್ಣಿನ ರಸವೇ ಬೇಕಿತ್ತು ಅವರಿಗೆ. ತೊಟ್ಟಿಯ ಅಂಚಿನಿಂದ ಬಗ್ಗಿ ಕೈ ಹಾಕಿದರು. ತುಂಬುತೋಳಿನ ಅಂಗಿ. ತೋಳಿನ ತುದಿಯನ್ನು ಸ್ಕ್ರೂ ಹಿಡಿಯಿತು.

ಅವರು ಕೂಗಲಿಲ್ಲ. "ತಂಗಿ" ಅಂದರು, ಅಷ್ಟೆ, ಬಾಗಿಲಲ್ಲಿ ನಿಂತು ಕರೆದ ಹಾಗೆ.

ನಾನು ಸ್ಟಾಪ್ ಒತ್ತಿದೆ. ಪುಟ ಮೇಲಕ್ಕೆ ಸರಿಯಿತು, ಬೆಣ್ಣೆಯಂತೆ. ಸ್ಟಾಪ್ ಪರದೆಯಿಂದ ಆಚೆ ಹೋಯಿತು. ಕೆಳಗೆಳೆದು ತಂದು ಎರಡು ಸಲ ಜೋರಾಗಿ ಕುಟ್ಟಿದೆ. ಸ್ಟಾಪ್ ದೊಡ್ಡದಾಯಿತು. ಇಡೀ ಪರದೆ ಕೆಂಪಾಗಿ, ಒಂದೇ ಒಂದು ಅಕ್ಷರ ನನ್ನ ಮುಖದಷ್ಟಗಲ ನಿಂತಿತು. ಸ್ಕ್ರೂ ತಿರುಗುತ್ತಲೇ ಇತ್ತು. ಮಿಗೆಲ್ ಓಡಿ ಗೋಡೆಯ ಮೇಲಿನ ಮೇನ್ ಸ್ವಿಚ್ ಎಳೆದಾಗ ನಿಂತಿತು.

ಬಲಗೈಯ ಎರಡು ಬೆರಳು ಹೋದವು. ಉಳಿದವು ಮಡಚುವುದಿಲ್ಲ.

ಕಂಪನಿ ಯಂತ್ರದ ದಾಖಲೆ ತೆಗೆಸಿತು. ಅದರಲ್ಲಿ ಸ್ಟಾಪ್ ಒತ್ತಿದ ಗುರುತೇ ಇರಲಿಲ್ಲ. ದಾಖಲೆಯಲ್ಲಿ ಒತ್ತಿದ್ದು ಮಾತ್ರ ಇರುತ್ತದೆ, ಜಾರಿದ್ದು ಇರುವುದಿಲ್ಲ. ನಾನು ಒತ್ತಿದೆ ಎಂದು ಹೇಳಿದೆ. ಮ್ಯಾನೇಜರು ಬಹಳ ಮೆತ್ತಗೆ, ಅಂಥ ಹೊತ್ತಲ್ಲಿ ಯಾರೇ ಆದರೂ ಮರಗಟ್ಟಿ ನಿಲ್ಲುತ್ತಾರೆ, ನೆನಪು ಆಮೇಲೆ ಬೇರೆ ಕಥೆ ಕಟ್ಟುತ್ತದೆ ಎಂದರು. ವರದಿಯಲ್ಲಿ ಪರದೆಯ ಬಳಿ ಇದ್ದವರು ಸ್ಟಾಪ್ ಒತ್ತಲಿಲ್ಲ ಎಂದು ಬರೆದರು. ವಾರ ಕಳೆದಂತೆ ನನಗೂ ಹಾಗೇ ಅನ್ನಿಸತೊಡಗಿತು. ಫ್ರೀವೇಯಲ್ಲಿ ಗಾಡಿಗಳು ನಿಂತಾಗ ನನ್ನ ತೋರುಬೆರಳು ಸ್ಟೀರಿಂಗಿನ ಮೇಲೆ ತಾನೇ ಆಡುತ್ತಿತ್ತು. ಒತ್ತಿದ್ದೆನೋ? ಸುಮ್ಮನೆ ನಿಂತಿದ್ದೆನೋ? ದಿನಕ್ಕೆ ಎಷ್ಟು ಸಲ ಮನಸ್ಸಿನಲ್ಲೇ ಆ ಮೂರು ಹೆಜ್ಜೆ ಅಳೆದೆನೋ ಲೆಕ್ಕವಿಲ್ಲ. ಉತ್ತರ ಸಿಗದೆ ಸುಸ್ತಾಗುತ್ತಿತ್ತು.

ಎರಡು ತಿಂಗಳ ಮೇಲೆ ಗಿರಿಜಕ್ಕ ಫೋನ್ ಮಾಡಿದರು. ಟೆಕ್ಸಾಸಿನ ಮಗಳ ಮನೆಗೆ ಹೋಗುತ್ತಿದ್ದೇವೆ, ಬಂದು ಹೋಗು ಎಂದರು. ಮನೆಯಲ್ಲಿ ಪೆಟ್ಟಿಗೆಗಳು ಕಟ್ಟಿ ನಿಂತಿದ್ದವು. ಸರ್ ಎಡಗೈಯಲ್ಲಿ ಚಮಚ ಹಿಡಿದು ಉಪ್ಪಿಟ್ಟು ತಿನ್ನುತ್ತಿದ್ದರು. ಕಂಪನಿಯ ವರದಿ ಅವರಿಗೂ ಬಂದಿತ್ತು, ಲಕೋಟೆಯಲ್ಲೇ ಇತ್ತು, ಒಡೆದಿರಲಿಲ್ಲ. ಅದರಲ್ಲೇನಿದೆ ಎಂದು ನಾನೇ ಹೇಳಬೇಕಾಯಿತು.

"ನಾನು ಒತ್ತಿದ್ನೋ ಇಲ್ವೋ, ನಂಗೇ ಗೊತ್ತಾಗ್ತಿಲ್ಲ ಸರ್" ಅಂದೆ.

ಅವರು ಚಮಚ ಕೆಳಗಿಟ್ಟರು. "ಒತ್ತೀದಿ. ಮೊದಲನೇ ಸಲ ನಿನ್ನ ಬೆರಳು ಮ್ಯಾಲೆ ಜಾರಿತು, ಅರ್ಧ ಇಂಚು. ಆಮ್ಯಾಲೆ ಎರಡು ಸಲ ಕುಟ್ಟೀದಿ. ನಾ ನೋಡೇನಿ."

"ಇವರ ಕೈ ಅಲ್ಲಿ ಹೋಗಾಕತ್ತಿತ್ತು, ಇವರು ನಿನ್ನ ಬೆರಳು ನೋಡ್ಕೋತ ನಿಂತಿದ್ರಂತ" ಎಂದು ಗಿರಿಜಕ್ಕ ಅಡುಗೆಮನೆಯಿಂದಲೇ ಬೈದರು.

"ಮತ್ತೇನ್ ನೋಡ್ಲಿ? ಅದ ನನ್ನ ಕೆಲಸ" ಅಂದರು ಸರ್.

ನನಗೆ ಅಳು ಬಂತು. ಅಳು ನಿಂತ ಮೇಲೆ ಸರ್ ಲ್ಯಾಪ್‌ಟಾಪ್ ತೆಗಿ ಎಂದರು. ಹೊಸ ಬಗ್ ಹಾಕಿಸಿದರು. ಬೆರಳು ಎಲ್ಲಿ ತಾಗಿತು, ಎತ್ತ ಜಾರಿತು, ಪುಟ ಎಷ್ಟು ಸರಿಯಿತು, ಒಂದೊಂದನ್ನೂ ಹೇಳಿ ಬರೆಸಿದರು. ಕಣ್ಣಾರೆ ಕಂಡವರು ಎಂಬಲ್ಲಿ ತಮ್ಮ ಹೆಸರು ಹಾಕಿಸಿದರು. ವರದಿ ತಿದ್ದಬೇಕೆಂದು ಕಂಪನಿಗೆ ಪತ್ರ ಬರೆಯುತ್ತೇನೆ, ಎಡಗೈಯಲ್ಲಿ ಟೈಪ್ ಮಾಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದರು. ಆ ಕ್ಷಣ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಅಲ್ಲಿಗೇ ಎದ್ದು ಬಂದುಬಿಡಬಹುದಿತ್ತು.

"ಸರ್, ಮೊದಲು ನೀವು ಹಾಕಿದ್ದ ಬಗ್ಗು ಕ್ಲೋಸ್ ಮಾಡಿದ್ದು ನಾನೇ ಅಲ್ವಾ" ಅಂದೆ.

ಪರವಾಗಿಲ್ಲ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆ ಅನ್ನಲಿ ಎಂದೇ ಕೇಳಿದ್ದೆನೋ ಏನೋ.

ಸರ್ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೌದು. ಅದೂ ಖರೇನ. ಅದನ್ನೂ ಬರಿ."

ಬರೆದೆ. ಅವರು ಬಗ್ಗಿ ಒಂದು ಸಲ ಓದಿ, ತಲೆಯಾಡಿಸಿ, ತಣ್ಣಗಾದ ಉಪ್ಪಿಟ್ಟಿನ ತಟ್ಟೆ ಹತ್ತಿರ ಎಳೆದುಕೊಂಡರು.