ಕಿಟಕಿಯಿಂದ ಇಳಿದ ಬುಟ್ಟಿ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದೆ. ಈಗ ಇಟಲಿಯ ಒಂದು ಗುಡ್ಡದ ಊರಿನ ಕಲ್ಲುಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಕಾರನ್ನು ಕೋಟೆಗೋಡೆಯ ಕೆಳಗೇ ಬಿಟ್ಟು ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳೊಂದಿಗೆ ಏರು ಹತ್ತಿದೆವು. ಮಧ್ಯಾಹ್ನವಾದ್ದರಿಂದ ಅಂಗಡಿಗಳೆಲ್ಲ ಮುಚ್ಚಿದ್ದವು. ಚಿಕ್ಕವನು ನೀರಿಗಾಗಿ ಅಳತೊಡಗಿದ. ಆಗ ಮೂರನೇ ಅಂತಸ್ತಿನ ಕಿಟಕಿ ತೆರೆದು ಒಬ್ಬ ಮುದುಕಿ ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಕೆಳಗಿಳಿಸಿದಳು. ಒಳಗೆ ತಣ್ಣನೆಯ ನೀರಿನ ಬಾಟಲಿ, ಒಂದಿಷ್ಟು ಅಂಜೂರದ ಹಣ್ಣು. ನಾನು ಬೆರಗಾಗಿ ನಿಂತುಬಿಟ್ಟೆ.

“ಅಜ್ಜಾ, ಈಕಿ ನಮ್ಮ ಬಳಗದಾಕೇನು?” ಮೊಮ್ಮಗಳು ಕೇಳಿದಳು.

“ಅಲ್ಲವ್ವಾ, ಗುರುತಿಲ್ಲ.”

“ಬೆಲ್ಲದ ಬದ್ಲಿ ಹಣ್ಣು ಕೊಟ್ಟಾಳ. ನಡೀತೈತಿ ಬಿಡು!”

ಹಾನಗಲ್ಲಿನ ನಮ್ಮ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ, ನೀರು. ಒಮ್ಮೆ ಮಾತ್ರ ಕೊಡಲಿಲ್ಲ. ಹೊಲದಲ್ಲಿ ಪಾಲು ಕೇಳಲು ಒಬ್ಬಳು ಇಂಥದೇ ಬಿಸಿಲಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ನಾನು ಮಾಳಿಗೆಯ ಮೇಲೆ ನಿಂತಿದ್ದೆ.

“ಅಣ್ಣಾ, ಹುಡುಗರಿಗೆ ನೀರರ ಕೊಡ್ಸೋ” ಎಂದಳು.

ನಾನು ಬಾಗಿಲು ತೆಗೆಸಲಿಲ್ಲ.

ಖಾಲಿ ಬುಟ್ಟಿ ಮೇಲೇರಿತು. ಕಿಟಕಿಯತ್ತ ಕೈಮುಗಿದೆ. ಈ ಕೈ ಎಂದೋ ಮುಗಿಯಬೇಕಾಗಿದ್ದದ್ದು ಆಡೂರಿನಲ್ಲಿರುವ ನನ್ನ ತಂಗಿ ನೀಲವ್ವಳಿಗೆ.