ಅಡಿಗೆಯವರು ಯಾವೂರಿನವರು?

ಅತ್ತೆಯ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ನನ್ನ ಗಂಡ ಕೈಗೂಸಾಗಿದ್ದಾಗ ಓಲೆ ಹಿಡಿದು ಎಳೆದದ್ದಂತೆ. ಹೊಲಿಸಿಕೊಳ್ಳಲು ಆಗ ಪುರುಸೊತ್ತಿರಲಿಲ್ಲ, ಆಮೇಲೆ ಮನಸ್ಸಿರಲಿಲ್ಲ. ಆ ಓಲೆಯನ್ನು ಕಪ್ಪು ದಾರದಲ್ಲಿ ಕಟ್ಟಿ ಕಿವಿಯ ಮೇಲಿಂದ ಇಳಿಬಿಟ್ಟುಕೊಳ್ಳುತ್ತಿದ್ದರು. ನಡೆಯುವಾಗ ಬಲಗಿವಿಯದು ಸುಮ್ಮನಿರುತ್ತಿತ್ತು, ಎಡಗಿವಿಯದು ತೂಗಾಡುತ್ತಿತ್ತು. ಮದುವೆಯ ಮೂರು ದಿನವೂ ತಲೆ ತಗ್ಗಿಸಿಯೇ ಇದ್ದ ನನಗೆ ಅವರ ಮುಖ ಸರಿಯಾಗಿ ನೆನಪಿರಲಿಲ್ಲ. ಅಹಮದಾಬಾದಿನ ರೈಲ್ವೆ ನಿಲ್ದಾಣದ ಜನಜಂಗುಳಿಯಲ್ಲಿ ಅವರನ್ನು ಗುರುತಿಸಿದ್ದು ಆ ತೂಗಾಡುವ ಓಲೆಯಿಂದ.

ಅರವತ್ತರ ದಶಕದ ನಡುವಿನ ಮಾತು. ನನ್ನ ಗಂಡನಿಗೆ ಬಟ್ಟೆ ಗಿರಣಿಗಳಿಗೆ ಸಂಬಂಧಿಸಿದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಸಾಬರಮತಿಯ ಆಚೆ ದಂಡೆಯಲ್ಲಿ ನಮಗೆ ಎರಡು ಕೋಣೆಯ ಮನೆ. ಅಲ್ಲಿಂದ ವಸ್ತ್ರಾಪುರದ ಕಡೆಗೆ ನಡೆದರೆ ಬರೀ ಹೊಲ, ಎಮ್ಮೆ, ಧೂಳು. ಮೈಸೂರಿನ ತುಂಬಿದ ಮನೆಯಿಂದ ಬಂದ ನನಗೆ ಗಂಡ ಕೆಲಸಕ್ಕೆ ಹೋದ ಮೇಲೆ ಕನ್ನಡದಲ್ಲಿ ಮಾತಾಡಲು ಗೋಡೆಯಲ್ಲದೆ ಯಾರೂ ಇರಲಿಲ್ಲ. ಅತ್ತೆ ಬರುತ್ತಾರೆಂದಾಗ, ನಿಜ ಹೇಳುತ್ತೇನೆ, ಹೆದರಿಕೆಗಿಂತ ಹೆಚ್ಚಾಗಿ ಆಸೆಯಾಗಿತ್ತು.

ಅವರು ಬಂದದ್ದು ಜಗಳವಾಡಿಕೊಂಡು. ಮಾವ ಕುಂದಾಪುರದ ಕಡೆಯ ಅಡಿಗೆಯವರು. ಮಗನಿಗೆ ಎಂಟು ವರ್ಷವಾಗಿದ್ದಾಗ ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೋದವರು, ಅಲ್ಲಿಂದ ಮುಂದೆ ಗುಜರಾತಿನ ಕಡೆ ಎಲ್ಲೋ ಹೋದರು. ಮೊದಮೊದಲು ಕಾರ್ಡು ಬರುತ್ತಿತ್ತು, ಆಮೇಲೆ ನಿಂತಿತು. ಅತ್ತೆ ಕಂಡವರ ಮನೆಯಲ್ಲಿ ಹಪ್ಪಳ ಲಟ್ಟಿಸಿ, ಮದುವೆ ಮನೆಗಳಲ್ಲಿ ತೆಂಗಿನಕಾಯಿ ತುರಿದು ಮಗನನ್ನು ಓದಿಸಿದರು. ಕೊನೆಯ ಕಾರ್ಡು ಬಂದು ಹನ್ನೆರಡು ವರ್ಷ ತುಂಬುತ್ತಿದ್ದಂತೆ ಮಾವನ ಅಣ್ಣಂದಿರು ಶಾಸ್ತ್ರ ತೆಗೆದರು. ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬೇಕು, ಅತ್ತೆ ಕುಂಕುಮ ಅಳಿಸಿ ತಲೆ ಬೋಳಿಸಿಕೊಳ್ಳಬೇಕು ಎಂದರು.  ಒಂದು ಚೀಲದಲ್ಲಿ ನಾಲ್ಕು ಸೀರೆ ತುಂಬಿಕೊಂಡು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಆ ಹೆಂಗಸು ಮೂರು ರೈಲು ಬದಲಿಸಿ ಮಗನ ಮನೆಗೆ ಬಂದರು.

ಮಗನೂ ಅವರ ಪಕ್ಷದಲ್ಲಿರಲಿಲ್ಲ. “ಮಾಡಿ ಮುಗಿಸಿಬಿಡೋಣ ಅಮ್ಮ. ನನಗಂತೂ ಅಪ್ಪ ಅನ್ನುವವನು ಇಲ್ಲವೇ ಇಲ್ಲ” ಎಂದು ಒಮ್ಮೆ ನನ್ನೆದುರಿಗೇ ಹೇಳಿದರು. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ. “ನಿಂಗೆ ಇಲ್ದಿದ್ರೆ ಇಲ್ಲ. ನನ್ನ ತಲೆಕೂದ್ಲು ನನ್ನದ್” ಎಂದರು. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ.

ಅವರದೊಂದು ವಿಚಿತ್ರ ಗುಣವಿತ್ತು. ಯಾವ ಹೋಟೆಲಿಗೆ ಹೋದರೂ ಕೂರುವ ಮೊದಲು ಕೇಳುತ್ತಿದ್ದರು: “ಅಡಿಗೆಯೋರು ಯಾವೂರಿನೋರು?” ಉತ್ತರದಿಂದ ತೃಪ್ತಿಯಾಗದಿದ್ದರೆ ಹಿಂದಿನ ಬಾಗಿಲಿಗೆ ಹೋಗಿ ಒಲೆಮನೆಯೊಳಗೆ ಇಣುಕುತ್ತಿದ್ದರು. ವಡೋದರಾಕ್ಕೆ ಹೋದಾಗ ಹೀಗೇ ಒಂದು ಹೋಟೆಲಿನ ಅಡಿಗೆಮನೆಗೆ ನುಗ್ಗಿದರು. ಯಜಮಾನ ಕೂಗಾಡಿದ. ನನ್ನ ಗಂಡನಿಗೆ ಮುಖ ಎತ್ತಲಾಗಲಿಲ್ಲ. “ನಿನ್ನ ಮಡಿಯನ್ನು ಊರಲ್ಲೇ ಬಿಟ್ಟು ಬರಬೇಕಿತ್ತು” ಎಂದು ಬೀದಿಯಲ್ಲೇ ಗದರಿದರು. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ನಡೆದರು. ನನಗೂ ನಾಚಿಕೆಯಾಗಿತ್ತು. ಅಡಿಗೆಯವನ ಜಾತಿ ಕೇಳುವ ಅತ್ತೆ ಎಂದು ತವರಿಗೆ ಕಾಗದವನ್ನೂ ಬರೆದೆ.

ಪಕ್ಕದ ಮನೆಯಲ್ಲಿ ಗಿರಣಿ ಕಾರ್ಮಿಕನೊಬ್ಬನ ಹೆಂಡತಿಯಿದ್ದಳು. ಅಲ್ಲಿಯವರು ಅಕ್ಕ ಎನ್ನುವಂತೆ ನಾವು ಅವಳನ್ನು ಬೆನ್ ಎನ್ನುತ್ತಿದ್ದೆವು. ಅವಳು ಮಧ್ಯಾಹ್ನ ತಂದುಕೊಡುತ್ತಿದ್ದ ಢೋಕ್ಲಾವನ್ನು ಅತ್ತೆ ಬಾಯಿ ಚಪ್ಪರಿಸಿ ತಿನ್ನುತ್ತಿದ್ದರು. ಅವಳ ತಟ್ಟೆಯಲ್ಲೇ, ಅವಳ ಮನೆಯ ಹೊಸ್ತಿಲ ಮೇಲೇ. ಇವರು ಕನ್ನಡದಲ್ಲಿ, ಅವಳು ಗುಜರಾತಿಯಲ್ಲಿ ಗಂಟೆಗಟ್ಟಲೆ ಹರಟುವರು. ಬೆನ್ ಯಾವ ಜಾತಿಯೆಂದು ಅತ್ತೆ ಒಂದು ದಿನವೂ ಕೇಳಿದವರಲ್ಲ. ಇಷ್ಟನ್ನು ಕಣ್ಣಾರೆ ನೋಡುತ್ತಿದ್ದ ನನಗೆ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಬರಲಿಲ್ಲ.

ಸೂರತ್ತಿನ ಒಂದು ಗಿರಣಿಯಲ್ಲಿ ನನ್ನ ಗಂಡನಿಗೆ ಐದು ದಿನದ ಕೆಲಸ ಬಿತ್ತು. ಅತ್ತೆ ಅಲ್ಲಿಯ ತಾಪಿ ನದಿಯಲ್ಲಿ ಮುಳುಗಬೇಕೆಂದು ಹಟ ಹಿಡಿದರು. ಅವರೊಬ್ಬರನ್ನೇ ಬಿಡಲಾಗದೆ ನಾನೂ ಹೊರಟೆ. ರೈಲು ತಡವಾಗಿ ತಲುಪಿತು. ನನ್ನ ಗಂಡ ನಮ್ಮನ್ನೂ ಟ್ರಂಕನ್ನೂ ನಿಲ್ದಾಣದ ಹೆಂಗಸರ ಕೋಣೆಯಲ್ಲಿ ಕೂರಿಸಿ, “ಯಾವುದಾದರೂ ಒಳ್ಳೆಯ ಫ್ಯಾಮಿಲಿ ಹೋಟೆಲ್ ನೋಡಿ ರೂಮ್ ಹಿಡಿಯಿರಿ, ಗಿರಣಿಯ ಗೇಟಿಗೆ ಚೀಟಿ ಕಳಿಸಿ” ಎಂದು ಟಾಂಗಾ ಹತ್ತಿದರು.

ಹೀಗೆ ಅತ್ತೆ ಸೊಸೆ ಇಬ್ಬರೇ ಪರವೂರಿನಲ್ಲಿ ಹೋಟೆಲು ಹುಡುಕಲು ಹೊರಟೆವು. ನನ್ನ ಹರಕು ಹಿಂದಿಯೇ ನಮಗೆ ಆಧಾರ.

ಮೊದಲನೆಯ ಹೋಟೆಲು ನಿಲ್ದಾಣದ ಎದುರಿಗೇ ಇತ್ತು. ಕೋಣೆಗಳಲ್ಲಿ ಬಿಳಿ ಹಾಸಿಗೆ, ತಿರುಗುವ ಫ್ಯಾನು. ನನಗೆ ಅಲ್ಲೇ ಬಿದ್ದುಕೊಳ್ಳೋಣ ಎನಿಸಿತ್ತು. ಅತ್ತೆ ನನ್ನ ಮೊಳಕೈ ತಿವಿದರು. “ಕೇಳ್ ಮಗಾ, ಅಡಿಗೆಯೋರು ಯಾವೂರಿನೋರು ಅಂತ.”

ಕೇಳಿದೆ. ಮ್ಯಾನೇಜರ್ ಕೈಮುಗಿದ. ಆ ಕಡೆ ಅಡಿಗೆಯವರನ್ನು ಮಹಾರಾಜ್ ಎನ್ನುತ್ತಾರೆ. “ಮಹಾರಾಜ್ ರಾಜಸ್ಥಾನ್ ಕಾ ಹೈ, ಮಾಜಿ. ಪಕ್ಕಾ ಬ್ರಾಹ್ಮಣ್.”

“ಇಲ್ಲ್ ಬ್ಯಾಡ. ಬೇರೆ ಕಡೆ ಹೋಪ.”

ಎರಡನೆಯದರಲ್ಲಿ ಅಡಿಗೆಯವನು ಕಾಠಿಯಾವಾಡದವನು. ಅದೂ ಬೇಡವಾಯಿತು. ಮೂರನೆಯದರಲ್ಲಿ ಊಟದ ವ್ಯವಸ್ಥೆಯೇ ಇಲ್ಲವೆಂದರು. ಅತ್ತೆ ಕೋಣೆಯನ್ನೂ ನೋಡದೆ ಮೆಟ್ಟಿಲಿಳಿದರು. ಬಿಸಿಲು ನೆತ್ತಿಗೇರಿತ್ತು. ಜರಿ ಅಂಗಡಿಗಳ ಓಣಿಯಲ್ಲಿ ಟ್ರಂಕು ಹೊತ್ತ ಕೂಲಿ ಗೊಣಗತೊಡಗಿದ. ನನಗೆ ತಡೆಯಲಾಗಲಿಲ್ಲ.

“ಬ್ರಾಹ್ಮಣ ಅಂತ ಹೇಳಿದ ಮೇಲೂ ನಿಮಗೆ ಇನ್ನೇನು ಬೇಕು ಅತ್ತೆ? ಅವನ ಗೋತ್ರ ಕೇಳಬೇಕೇ?”

ಅತ್ತೆ ನಿಂತರು.  “ಈ ಊರಂಗೆ ಕಾಲುವೆ ಇತ್ತಾ, ಆ ಕೂಲಿ ಹತ್ರ ಕೇಳ್” ಎಂದರು.

ನನಗೆ ಆಶ್ಚರ್ಯವಾಯಿತು. ಕೇಳಿದೆ. ಕೂಲಿ ಗಲ್ಲದಿಂದ ದಿಕ್ಕು ತೋರಿಸಿದ. ಊರಂಚಿಗೆ ಇದೆ, ತಾಪಿಯ ಅಣೆಕಟ್ಟಿನಿಂದ ಬಂದದ್ದು, ಹತ್ತು ಹನ್ನೆರಡು ವರ್ಷದ ಹಿಂದೆ ತೋಡಿದ್ದು ಎಂದ. “ಹಾಂಗಾರೆ ಆ ಬದಿಗೇ ಹೋಪ” ಎಂದರು ಅತ್ತೆ.

ಹೋದೆವು. ಆ ರಸ್ತೆಯಲ್ಲಿ ಕೆಳಗೆ ಊಟದ ಹೋಟೆಲು, ಮೇಲೆ ಆರು ಕೋಣೆಯ ಲಾಡ್ಜು ಇದ್ದ ಹಳೆಯ ಕಟ್ಟಡ ಸಿಕ್ಕಿತು. ಒಗ್ಗರಣೆಯ ವಾಸನೆ ಬೀದಿಗೇ ಬರುತ್ತಿತ್ತು. ಗಲ್ಲಾಪೆಟ್ಟಿಗೆಯ ಮುಂದಿದ್ದವರು ನಾವು ಸೀರೆಯುಟ್ಟ ರೀತಿ ನೋಡಿ ಕನ್ನಡದಲ್ಲೇ “ಬನ್ನಿ ಅಮ್ಮ, ಫ್ಯಾಮಿಲಿ ರೂಮು ಒಳಗಿದೆ” ಎಂದರು. ಅತ್ತೆ ಪರದೆ ಸರಿಸಿ ಒಳಗೆ ಹೋಗಲಿಲ್ಲ. ನೇರ ಹಿತ್ತಲ ಬಾಗಿಲಿಗೆ ನಡೆದರು. ನಾನು ಹಿಂದೆ ಓಡಿದೆ.

ಒಲೆಯ ಮುಂದೆ ಸುಮಾರು ನಲವತ್ತರ ಅಡಿಗೆಯವರೊಬ್ಬರು ಹೆಗಲ ವಸ್ತ್ರದಿಂದ ಬೆವರೊರೆಸಿಕೊಳ್ಳುತ್ತಿದ್ದರು. ಕುಂದಾಪುರದ ಪಕ್ಕದ ಕೋಟೇಶ್ವರದ ಕಡೆಯವರೆಂದು ಗೊತ್ತಾಯಿತು. ಅತ್ತೆ ಕೇಳಿದರು, “ಇಲ್ಲಿ ಎಡಗೈಯಂಗೆ ಸೌಟು ಹಿಡಿತಿದ್ದ ಭಟ್ರ್ ಒಬ್ರು ಇದ್ರಾ?”

ಆಗ ನನಗೆ ಹೊಳೆಯಿತು. ನನ್ನ ಗಂಡನೂ ಎಡಗೈಯವರು.

“ಎಡಗೈ ಭಟ್ರಾ? ನಂಗೆ ಕೆಲ್ಸ ಕಲ್ಸದ್ದೇ ಅವ್ರ್” ಎಂದರು ಅಡಿಗೆಯವರು. “ಅವ್ರ್ ಹೋಯಿ ನಾಕ್ ವರ್ಷ ಆಯ್ತಲೆ ಅಮ್ಮಾ.”

“ಎಲ್ಲಿಗೆ ಹೋದರು?” ನಾನು ಕೇಳಿದೆ.

ಅವರು ನನ್ನನ್ನು ನೋಡಿ, ಅತ್ತೆಯನ್ನು ನೋಡಿ, ದನಿ ತಗ್ಗಿಸಿದರು. “ತೀರ್ಕಂಡ್ರ್. ಎರಡ್ ದಿನ ಜ್ವರ, ಅಷ್ಟೆ. ನೀವು ಅವ್ರಿಗೆ ಎಂತ ಆಗ್ಬೇಕ್?”

ಅತ್ತೆಯ ಎಡಗೈ ಬಾಗಿಲಿನ ಪಟ್ಟಿಯನ್ನು ಹಿಡಿದುಕೊಂಡಿತ್ತು. ಮುಖ ಮಾತ್ರ ಬದಲಾಗಲಿಲ್ಲ.

“ನಮ್ಮ ಊರಿನೋರ್. ಕಂಡ್ ಗೊತ್ತಿತ್ತ್.”

“ಪಾಪ, ಅವ್ರಿಗೆ ಯಾರೂ ಇರ್ಲಿಲ್ಲ. ಎಷ್ಟ್ ಸಲ ಕೇಂಡ್ರೂ ‘ನಂಗೆ ಯಾರೂ ಇಲ್ಲ’ ಅಂತಿದ್ರ್. ನಾವ್ ಹೋಟ್ಲಿನೋರೇ ತಾಪಿ ದಂಡಿಗೆ ಹೊತ್ಕಂಡ್ ಹೋದ್ದ್.”

ಒಲೆಯ ಮೇಲೆ ಅನ್ನದ ನೀರು ಉಕ್ಕಿ ಸುಂಯ್ ಎಂದಿತು. ಅಡಿಗೆಯವರು ಅತ್ತ ತಿರುಗಿದರು. ಅತ್ತೆ ನನಗೆ ಹೇಳಿದರು, “ಇಲ್ಲೇ ರೂಮ್ ಹಿಡಿ.”

ಆ ಐದು ದಿನ ನಾವು ಅಲ್ಲೇ ಇದ್ದೆವು. ಸಂಜೆ ಬಂದ ನನ್ನ ಗಂಡ ಕೋಣೆ ನೋಡಿ, ಇಕ್ಕಟ್ಟು, ಹೊಗೆ, ಇದಕ್ಕಿಂತ ಒಳ್ಳೆಯದು ಸಿಗಲಿಲ್ಲವೇ ಎಂದರು. “ಅಡಿಗೆಯೋರು ನಮ್ಮ ಕಡೆಯೋರು” ಎಂದರು ಅತ್ತೆ. ಅವರು ನಕ್ಕರು. ತನ್ನ ಅಪ್ಪ ಹಲವಾರು ವರ್ಷ ದುಡಿದ ಒಲೆಯ ಅನ್ನವನ್ನು, ಚೆನ್ನಾಗಿದೆಯೆಂದು ಎರಡು ಸಲ ಹಾಕಿಸಿಕೊಂಡು ಉಂಡರು.  ಅತ್ತೆ ಎಲೆಯಲ್ಲಿ ಅಗುಳು ಬಿಡದೆ ಉಂಡರು.

ಮರುದಿನ ಅಡಿಗೆಯವರಿಂದ ಇನ್ನಷ್ಟು ತಿಳಿದುಕೊಂಡರು. ಮಾವ ಉಗ್ರಾಣದ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದರಂತೆ. ಯಾರೊಡನೆಯೂ ಜಗಳವಿಲ್ಲ, ಸಲುಗೆಯೂ ಇಲ್ಲ. ರಜೆಯ ದಿನ ಒಬ್ಬರೇ ಕಾಲುವೆಯ ಏರಿಗೆ ಹೋಗಿ ಸಂಜೆಯವರೆಗೆ ಕೂತಿರುತ್ತಿದ್ದರಂತೆ. ಬೇರೆ ಹೆಂಗಸು ಇದ್ದಳೇ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆಯೇ ಕೇಳಿದರು. ಇಲ್ಲ, ಯಾರೂ ಇರಲಿಲ್ಲವಂತೆ. ಇದ್ದಳು ಎಂದಿದ್ದರೆ ಅತ್ತೆಗೆ ಸಮಾಧಾನವಾಗುತ್ತಿತ್ತೇನೋ ಎಂದು ಈಗ ಅನಿಸುತ್ತದೆ.

ನನ್ನನ್ನು ಕರೆದುಕೊಂಡು ಕಾಲುವೆಗೆ ಹೋದರು. ಕೆಸರು ಬಣ್ಣದ ನೀರು, ಆಚೆ ಕಬ್ಬಿನ ಹೊಲ. ಅಲ್ಲಿ ಸೆರಗಿನ ಗಂಟಿನಿಂದ ಆ ಕೊನೆಯ ಕಾರ್ಡು ತೆಗೆದು ನನಗೆ ಓದಲು ಕೊಟ್ಟರು. ಊರಿನ ಹೆಸರಿಲ್ಲ, ಅಂಚೆಯ ಮುದ್ರೆ ಅಳಿಸಿಹೋಗಿತ್ತು. ‘ಇಲ್ಲಿ ಪೇಟೆಯ ಹತ್ತಿರವೇ ಕಾಲುವೆ ತೋಡುತ್ತಿದ್ದಾರೆ, ಹೋಟೆಲಿನಲ್ಲಿ ಕೆಲಸ ವಿಪರೀತ, ನಾನು ಕ್ಷೇಮ’ ಎಂದಷ್ಟೇ ಇತ್ತು. ಅಷ್ಟನ್ನೇ ಹಿಡಿದುಕೊಂಡು ಇವರು ಕುಂದಾಪುರದಿಂದ ಗುಜರಾತಿಗೆ ಬಂದಿದ್ದರು.

“ಇವರಿಗೆ ಹೇಳಬೇಕಲ್ಲ ಅತ್ತೆ” ಎಂದೆ, ನನ್ನ ಗಂಡನನ್ನು ನೆನೆದು.

“ಬ್ಯಾಡ. ಅವ್ನಿಗೆ ಹೇಳ್ರೆ ಕರ್ಮ ಮಾಡ್ತ. ಊರಿಗೆ ಬರಿತ. ಆಮೇಲೆ ನನ್ನ ಕೂರ್ಸಿ ಕುಂಕುಮ ಒರ್ಸ್ತ್ರ್.”

“ಆದರೆ ಮಾವ ಈಗ ಇಲ್ಲವಲ್ಲ…”

ಅತ್ತೆ ನೀರನ್ನೇ ನೋಡುತ್ತಿದ್ದರು. “ನಂಗೆ ಯಾರೂ ಇಲ್ಲ ಅಂದಿದ್ರಂತಲ್ಲ ಮಗಾ. ಯಾರೂ ಇಲ್ದೋರಿಗೆ ಹೆಂಡ್ತಿ ಎಲ್ಲಿಂದ ಬಂತ್? ಹೆಂಡ್ತಿಯೇ ಅಲ್ದಿದ್ರೆ ನಾನ್ ಮುಂಡೆ ಆಪುದ್ ಹ್ಯಾಂಗೆ?”

ನಾನು ಕಾರ್ಡನ್ನು ಅವರ ಸೆರಗಿನ ತುದಿಯಲ್ಲಿ ಮತ್ತೆ ಗಂಟು ಹಾಕಿದೆ. 

ಹೊರಡುವ ದಿನ ಬೆಳಿಗ್ಗೆ ತಾಪಿಗೆ ಹೋದೆವು. ತಡವಾಗಿ ಕೇಳಿದ ಸಾವಿಗೆ ಉಟ್ಟ ಬಟ್ಟೆಯಲ್ಲೇ ಮುಳುಗಬೇಕೆನ್ನುತ್ತಾರೆ. ಅತ್ತೆ ಮೂರು ಸಲ ಮುಳುಗಿದರು. “ನೀನೂ ಮುಳುಗ್” ಎಂದರು, ಮುಳುಗಿದೆ. ದಂಡೆಯ ಮೇಲೆ ಕೂತಿದ್ದ ಮಗನನ್ನೂ ಕರೆದರು. “ಇಷ್ಟ್ ದೂರ ಬಂದ್ ಮೀಯದೆ ಹೋಪುದಾ? ಇಳಿ.” ನನ್ನ ಗಂಡ ಗೊಣಗುತ್ತಾ ಅಂಗಿ ಬಿಚ್ಚಲು ಹೋದರು. “ಅಂಗಿ ಇರ್ಲಿ” ಎಂದರು ಅತ್ತೆ. ಏಕೆಂದು ತಿಳಿಯದೆಯೇ ಮಗ ಅಪ್ಪನ ಸಾವಿಗೆ ಮಿಂದ. ಮೂವರೂ ಒದ್ದೆಯಾಗಿ ನಿಂತೆವು. ಅತ್ತೆ ಸೆರಗಿನಿಂದ ಮಗನ ತಲೆಯೊರೆಸಿದರು. ಆಮೇಲೆ ನನ್ನ ಪುಟ್ಟ ಕನ್ನಡಿ ಕೇಳಿ ತೆಗೆದುಕೊಂಡು ಹಣೆಗೆ ಕುಂಕುಮವಿಟ್ಟುಕೊಂಡರು.

ಅಹಮದಾಬಾದಿಗೆ ಬಂದ ಮೇಲೆ ಹೋಟೆಲಿನಲ್ಲಿ ಅಡಿಗೆಯವರ ಊರು ಕೇಳುವುದನ್ನು ಬಿಟ್ಟರು. ಅಮ್ಮನ ಮಡಿ ತಾಪಿಯಲ್ಲಿ ತೊಳೆದುಹೋಯಿತು ಎಂದು ನನ್ನ ಗಂಡ ನಗೆಯಾಡುತ್ತಿದ್ದರು. ಬೆನ್ ಮನೆಯ ಹೊಸ್ತಿಲಿಗೂ ಅತ್ತೆ ಹೋಗುವುದು ಕಡಿಮೆಯಾಯಿತು. ಹುಡುಕುವಷ್ಟು ಕಾಲ ಅವರಿಗೆ ಒಬ್ಬ ಜೊತೆಗಾರನಿದ್ದ. ಈಗ ಇರಲಿಲ್ಲ. ಮಧ್ಯಾಹ್ನ ಕಿಟಕಿಯ ಬಳಿ ಕೂತು ವಸ್ತ್ರಾಪುರದ ಕಡೆಯ ಬಯಲು ನೋಡುತ್ತಿದ್ದರು. ಪಕ್ಕದಲ್ಲಿ ನಾನು ಹೊಲಿಗೆ ಹಿಡಿದು ಕೂತಿರುತ್ತಿದ್ದೆ. ಮಾವ ತೀರಿಕೊಂಡ ತಿಥಿಯನ್ನು ಅಡಿಗೆಯವರು ಹೇಳಿದ್ದರು. ಪ್ರತಿ ವರ್ಷ ಆ ದಿನ ಅತ್ತೆ ಉಪವಾಸ ಮಾಡುತ್ತಿರಲಿಲ್ಲ, ಎಡೆ ಇಡುತ್ತಿರಲಿಲ್ಲ. ಬಡಿಸಲು ನಿಂತ ನನ್ನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, “ಇವತ್ತ್ ಒಬ್ಳೇ ಉಂಬುಕ್ ಆತಿಲ್ಲ ಮಗಾ” ಎನ್ನುತ್ತಿದ್ದರು. ಹೀಗೆ ಮೂರು ವರ್ಷ.

ತವರಿನಿಂದ ದೂರದಲ್ಲಿ, ಹೆಚ್ಚು ಓದದ ಒಬ್ಬ ಹೆಂಗಸು ನನ್ನನ್ನು ನಂಬಿ ತನ್ನ ಬದುಕಿನ ಗಂಟನ್ನು ಕೈಗೆ ಕೊಟ್ಟಿದ್ದರು. ಅಷ್ಟು ನಂಬಿಕೆಯನ್ನು ನನ್ನಲ್ಲಿ ಆಮೇಲೆ ಯಾರೂ ಇಡಲಿಲ್ಲ. ಆ ಮಾತನ್ನು ನಾನು ಗಂಡನಿಗೂ ಹೇಳದೆ ಉಳಿಸಿಕೊಂಡೆ. ಯಾರಿಗೆ ಹೇಳಬಾರದಿತ್ತೋ ಅವರು ಈಗ ಯಾರೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ.

ಒಂದು ಚಳಿಗಾಲ ಅತ್ತೆಗೆ ನ್ಯುಮೋನಿಯಾ ಆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೋದರು. ನಮ್ಮವರೆಂದು ಬಂದವರು ಬೆನ್, ಸಂಸ್ಥೆಯ ಮೂವರು, ಮತ್ತೆ ಎರಡು ಬೀದಿ ಆಚೆಯಿದ್ದ ಧಾರವಾಡದ ಹಿರಿಯ ಹೆಂಗಸೊಬ್ಬರು. ಮೀಯಿಸಿದ ಮೇಲೆ ಆಕೆ ಕೈ ತಡೆದು ಕೇಳಿದರು, “ಇವರ ಯಜಮಾನರು ಅದಾರೇನವಾ?”

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ, “ಇದ್ದಾರೋ ಇಲ್ಲವೋ ನಮಗೆ ಗೊತ್ತಿಲ್ಲ” ಎಂದರು.

“ಹಂಗಂದ್ರ ಹೆಂಗ? ಮುತ್ತೈದಿ ಅಂತ ಉಡಸೋದೋ, ಏನ್ ಮಾಡೋದು? ಹೇಳವಾ ನೀನು.”

ಎಲ್ಲರೂ ನನ್ನ ಕಡೆ ನೋಡಿದರು.

“ನಮ್ಮತ್ತೆ ಮುತ್ತೈದೆ” ಎಂದೆ. “ಹಸಿರು ಸೀರೆ ಇದೆ, ತರುತ್ತೇನೆ.”

 ಅಷ್ಟು ಹೊತ್ತು ತಡೆದುಕೊಂಡಿದ್ದ ನನ್ನ ಗಂಡ ಗೋಡೆಗೆ ಮುಖ ಮಾಡಿ ಅಳತೊಡಗಿದರು. ಅಮ್ಮ ಕಾದು ಕಾದೇ ಹೋದಳೆಂದುಕೊಂಡಿರಬೇಕು. ಅವರ ಬೆನ್ನ ಮೇಲೆ ಕೈಯಿಡಬೇಕೆನಿಸಿತು. ಇಟ್ಟರೆ ಎಲ್ಲವನ್ನೂ ಹೇಳಿಬಿಡುತ್ತೇನೆಂದು ಹೆದರಿ, ಸೀರೆ ತರಲು ಒಳಗೆ ಹೋದೆ.