ಅರವತ್ತು ಪ್ರಶ್ನೆಪತ್ರಿಕೆಗಳ ಪಟ್ಟಿ

ಪಟ್ಟಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬಹಳ ಕಾಲ ಒಬ್ಬರು ನಂಬಿದ್ದರು. ಆ ಒಬ್ಬರು ನಾನೇ. ದಿನಸಿ ಚೀಟಿಯಲ್ಲಿ ಸಾಸಿವೆ ಬರೆಯಲು ಮರೆತು, ಅಂಗಡಿಯವರೇ ಕೊಟ್ಟಿಲ್ಲವೆಂದು ಮನೆಯಲ್ಲಿ ವಾದಿಸಿ ಗೆದ್ದವಳು ನಾನು.

ಗೋವಿಂದರಾಜನಗರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರಾಗಿದ್ದೇನೆ. ಆರರಿಂದ ಹತ್ತನೇ ತರಗತಿಯವರೆಗಿನ ಪ್ರಶ್ನೆಪತ್ರಿಕೆಗಳನ್ನು ಪಿಡಿಎಫ್ ಮಾಡುವ ಕೆಲಸವೂ ನನ್ನದೇ. ಅದಕ್ಕೊಂದು ಮೇಕ್‌ಫೈಲ್ ಇಟ್ಟುಕೊಂಡಿದ್ದೆ. ಏನೇನು ತಯಾರಾಗಬೇಕು, ಹೇಗೆ ತಯಾರಾಗಬೇಕು ಎಂದು ಕಂಪ್ಯೂಟರಿಗೆ ಬರೆದುಕೊಟ್ಟ ಚೀಟಿ ಅದು. ತಯಾರಾಗಬೇಕಾದ ಒಂದೊಂದಕ್ಕೂ ಟಾರ್ಗೆಟ್ ಎನ್ನುತ್ತಾರೆ. ಮೂವತ್ತು ಪತ್ರಿಕೆಗಳ ಹೆಸರು, ಜೊತೆಗೆ ಏಳನೇ ತರಗತಿಯ ಭೂಮಿಕಾಳಿಗೆಂದು ದೊಡ್ಡಕ್ಷರದ ಆರು ಪತ್ರಿಕೆಗಳ ಹೆಸರು, ಎಲ್ಲವನ್ನೂ ಕೈಯಾರೆ ಬರೆದಿದ್ದೇನೆಂದುಕೊಂಡಿದ್ದೆ. ಭೂಮಿಕಾಳಿಗೆ ದೃಷ್ಟಿ ಮಂದ.

ವಿಜ್ಞಾನ ಪರೀಕ್ಷೆಯ ಬೆಳಿಗ್ಗೆ ದೊಡ್ಡಕ್ಷರದ ಪತ್ರಿಕೆ ಇರಲಿಲ್ಲ. ನನ್ನ ಪಟ್ಟಿಯಲ್ಲಿ ದೊಡ್ಡಕ್ಷರದ ಆರರ ಬದಲು ಐದೇ ಹೆಸರಿದ್ದವು. ಪಟ್ಟಿಯಲ್ಲಿಲ್ಲದ್ದರ ಬಗ್ಗೆ ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ಪ್ರಿಂಟರಿನ ಟೋನರ್ ಅಂದೇ ಮುಗಿದಿತ್ತು. ಭೂಮಿಕಾಳ ಪಕ್ಕದಲ್ಲಿ ಕೂತು ಮಾಮೂಲಿ ಪತ್ರಿಕೆಯನ್ನೇ ಓದಿ ಹೇಳತೊಡಗಿದೆ. ಚಿತ್ರದ ಪ್ರಶ್ನೆ ಬಂದಾಗ ಮಾತ್ರ ತಡವರಿಸಿದೆ.

"ಒಂದು ಹೂವಿದೆ. ಕೆಳಗಡೆ ದಪ್ಪಕ್ಕೆ ಏನೋ ಇದೆ."

"ದಪ್ಪಕ್ಕಿರೋದು ಅಂಡಾಶಯನಾ ಮಿಸ್?"

ಕೊಠಡಿಯ ಮೇಲ್ವಿಚಾರಕಿಯೂ ನಾನೇ. ಉತ್ತರ ಹೇಳುವಂತಿರಲಿಲ್ಲ. ಗಂಟೆ ಹೊಡೆದ ಮೇಲೆ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಪರವಾಗಿಲ್ಲ ಮಿಸ್, ಮುಂದಿನ ಸಲ ನೆನಪಾಗತ್ತೆ ಬಿಡಿ."

ಬೈದಿದ್ದರೆ ಮಧ್ಯಾಹ್ನದ ಊಟ ಇಳಿಯುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಗದಗಿನ ಕಡೆಯ ಗಣಿತದ ಮೇಷ್ಟ್ರು ಮಲ್ಲಪ್ಪನವರು ನನ್ನ ಪಟ್ಟಿ ನೋಡಿದರು. "ಅಲ್ರೀ ಮೇಡಂ, ಇಷ್ಟೂ ಹೆಸರು ಕೈಲೆ ಬರದೀರಿ? ಒಂದರಾಗ ಒಂದು ಲೂಪ್ ಹಾಕಿದ್ರ ತಾನ ಬರೀತದಲ್ರೀ."

ಲೂಪ್ ಎಂದರೆ ಕಂಪ್ಯೂಟರ್ ತಾನೇ ಹಾಕುವ ಸುತ್ತು: ತರಗತಿಗೊಂದು ಸುತ್ತು, ಅದರೊಳಗೆ ವಿಷಯಕ್ಕೊಂದು ಸುತ್ತು, ಅದರೊಳಗೆ ಅಕ್ಷರದ ಅಳತೆಗೊಂದು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಸಲ, ಸುತ್ತಿಗೊಮ್ಮೆ ಬದಲಾಗಬೇಕಾದ ಪದದ ಮುಂದೆ ಡಾಲರ್ ಚಿಹ್ನೆ ಹಾಕಲು ಮರೆತೆ. ಒಂದೇ ಹೆಸರು ಅರವತ್ತು ಸಲ ಬಂತು. ಎರಡನೇ ಸಲ ಅರವತ್ತು ಬೇರೆ ಬೇರೆ ಹೆಸರು ಬಂದವು.

"ದೊಡ್ಡಕ್ಷರ ಏಳನೇ ಕ್ಲಾಸಿಗೆ ಮಾತ್ರ ಸಾಕಿತ್ತು ಸಾರ್," ಎಂದೆ.

"ಇರ್ಲಿ ಬಿಡ್ರಿ. ಇನ್ನೊಂದು ಷರತ್ತು ಹಾಕಿದ್ರ ಅದ್ರಾಗ ಇನ್ನೊಂದು ಮರೀತೀರಿ."

ಹೀಗಾಗಿ ಮುಂದಿನ ಪರೀಕ್ಷೆಯಲ್ಲಿ ಪ್ರತಿ ತರಗತಿಗೂ ದೊಡ್ಡಕ್ಷರದ ಒಂದೊಂದು ಪ್ರತಿ ಹೋಯಿತು. ಭೂಮಿಕಾ ತನ್ನದನ್ನು ತೆಗೆದುಕೊಂಡು, ನನ್ನ ಕಡೆ ನೋಡದೆಯೇ ಬರೆಯಲು ಶುರು ಮಾಡಿದಳು. ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ಬಂದಿಲ್ಲ.

ಒಂಬತ್ತನೇ ತರಗತಿಯಲ್ಲಿ ಮಾತ್ರ ಇನ್ನೊಂದು ನಡೆಯಿತು. ಅಲ್ಲಿ ಯಶವಂತ ಎಂಬ ಹುಡುಗನಿದ್ದ. ಪರೀಕ್ಷೆಯಲ್ಲಿ ಯಾವಾಗಲೂ ಡೆಸ್ಕಿನ ಮೇಲೆ ಮುಖವಿಟ್ಟಿರುತ್ತಿದ್ದ. ನಿದ್ದೆ ಮಾಡುತ್ತಾನೆಂದು ಎರಡು ವರ್ಷದಿಂದ ನಾವೆಲ್ಲ ಸರದಿಯ ಮೇಲೆ ಗದರಿದ್ದೆವು. ಅಂದು ಅವನು ಎದ್ದು ಬಂದು ಮಲ್ಲಪ್ಪನವರನ್ನು ಮೆಲ್ಲಗೆ ಕೇಳಿದನಂತೆ: "ಸಾರ್, ಆ ದೊಡ್ಡದು ಯಾರಿಗೂ ಬೇಡ ಅಂದ್ರೆ ನಾನ್ ತಗೊಳ್ಲಾ?"

ತೆಗೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು ಬರೆದನಂತೆ. ಮಲ್ಲಪ್ಪನವರು ಇದನ್ನು ಸ್ಟಾಫ್ ರೂಮಿಗೆ ಬಂದು ಹೇಳಿದರು. ಆ ವಾರವೇ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಲಾಯಿತು.

ಯಾರಿಗೆ ಬೇಕೆಂದು ನನಗೆ ಗೊತ್ತಿದೆ ಎಂದುಕೊಂಡು ನಾನು ಪಟ್ಟಿ ಬರೆಯುತ್ತಿದ್ದೆ. ಲೂಪಿಗೆ ಯಾರೂ ಗೊತ್ತಿಲ್ಲ, ಹಾಗಾಗಿ ಎಲ್ಲ ತರಗತಿಗೂ ಒಂದೊಂದು ತೆಗೆದಿಟ್ಟಿತ್ತು.